ಗಡಿ ಮುಚ್ಚಿತು, ಮಕ್ಕಳ ಕಾಯಿಲೆ ಕಾಯಲಿಲ್ಲ

ಕೊರೊನಾ ಕಾಲದಲ್ಲಿ ತಡವಾದ ರೋಗಪತ್ತೆ: ಹೊಸೂರು, ಕೃಷ್ಣಗಿರಿ ಭಾಗ ಕಲಿಯಬೇಕಾದ ಪಾಠ

ಹೊಸೂರು: ಕೊರೊನಾ ಎಂದ ಕೂಡಲೇ ನಮಗೆ ನೆನಪಾಗುವುದು ಮಾಸ್ಕು, ಲಾಕ್‌ಡೌನ್, ಆಕ್ಸಿಜನ್ ಸಿಲಿಂಡರ್ ಮತ್ತು ದಿನಾ ಸಂಜೆ ಬರುತ್ತಿದ್ದ ಪಟ್ಟಿ. ಇವತ್ತು ಪಾಸಿಟಿವ್ ಎಷ್ಟು, ಗುಣವಾದವರು ಎಷ್ಟು, ತೀರಿಕೊಂಡವರು ಎಷ್ಟು. ಆ ಪಟ್ಟಿಯಲ್ಲಿ ಒಂದು ಗುಂಪು ಮಾತ್ರ ಯಾವತ್ತೂ ಸೇರಲಿಲ್ಲ. ಕೊರೊನಾ ತಗುಲದಿದ್ದರೂ ಕೊರೊನಾದಿಂದಲೇ ಪೆಟ್ಟು ತಿಂದ ಮಕ್ಕಳ ಗುಂಪು ಅದು. ಯಾರಿಗೋ ರಕ್ತದ ಕ್ಯಾನ್ಸರ್, ಯಾರಿಗೋ ಸಕ್ಕರೆ ಕಾಯಿಲೆ, ಯಾರಿಗೋ ಹುಟ್ಟಿನಿಂದ ಬಂದ ಹೃದಯದ ತೊಂದರೆ. ಕಾಯಿಲೆ ಬಂದದ್ದಕ್ಕೆ ಕೊರೊನಾ ಕಾರಣವಲ್ಲ. ಅದು ಗೊತ್ತಾಗುವುದು ತಡವಾದದ್ದಕ್ಕೆ ಕಾರಣ.

ದೊಡ್ಡವರ ಕಾಯಿಲೆಗೂ ಮಕ್ಕಳ ಕಾಯಿಲೆಗೂ ಒಂದು ವ್ಯತ್ಯಾಸ ಇದೆ. ದೊಡ್ಡವರು ತಮಗೆ ಏನಾಗುತ್ತಿದೆ ಅಂತ ಬಾಯಿ ಬಿಟ್ಟು ಹೇಳುತ್ತಾರೆ. ಮಗು ಹೇಳುವುದಿಲ್ಲ, ಅಳುತ್ತದೆ ಅಥವಾ ಸುಮ್ಮನೆ ಮಲಗುತ್ತದೆ. ಹಾಗಾಗಿ ಮಗುವಿನ ಕಾಯಿಲೆ ಪತ್ತೆಯಾಗಬೇಕಾದರೆ ಬೇರೆಯವರ ಕಣ್ಣು ಬೇಕು. ಮೊದಲು ತಾಯಿಯ ಕಣ್ಣು, ನಂತರ ಅಂಗನವಾಡಿ ಟೀಚರ್, ಊರಿನ ನರ್ಸಮ್ಮ, ಹತ್ತಿರದ ಡಾಕ್ಟರು, ಕೊನೆಗೆ ದೊಡ್ಡಾಸ್ಪತ್ರೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಪತ್ತೆ ತಡವಾಗುತ್ತದೆ. 2020 ಮತ್ತು 2021ರಲ್ಲಿ ಕೊಂಡಿಗಳು ಒಂದರ ಹಿಂದೆ ಒಂದು ಕಳಚಿದವು. ನಮ್ಮ ಗಡಿ ಭಾಗದಲ್ಲಂತೂ ಕೊನೆಯ ಕೊಂಡಿ ಇರುವುದೇ ಪಕ್ಕದ ರಾಜ್ಯದಲ್ಲಿ.

ನಮ್ಮ ದೊಡ್ಡಾಸ್ಪತ್ರೆ ಯಾವುದು?

ಹೊಸೂರು, ತಳಿ, ಬಾಗಲೂರು, ಕೆಲಮಂಗಲ, ಡೆಂಕಣಿಕೋಟೆ ಕಡೆಯ ಯಾವುದೇ ಮನೆಯಲ್ಲಿ ಮಗುವಿಗೆ ಜೋರು ಕಾಯಿಲೆ ಬಂದರೆ ಬಾಯಲ್ಲಿ ಬರುವ ಮಾತು ಒಂದೇ: "ಬೆಂಗಳೂರಿಗೆ ಕರ್ಕೊಂಡು ಹೋಗಿ." ಇದರಲ್ಲಿ ತಪ್ಪೇನಿಲ್ಲ. ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿ.ಮೀ. ಚೆನ್ನೈ ಸುಮಾರು 300 ಕಿ.ಮೀ. ಕ್ಯಾನ್ಸರ್‌ಗೆ ಕಿದ್ವಾಯಿ, ನರ ಮತ್ತು ಮೆದುಳಿಗೆ ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲೇ ಇವೆ. ಮಕ್ಕಳಿಗಾಗಿಯೇ ಇರುವ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಅವುಗಳ ನೆರೆಯಲ್ಲೇ ಇದೆ. ಹೃದಯಕ್ಕೆ ಬೊಮ್ಮಸಂದ್ರದ ನಾರಾಯಣ ಆಸ್ಪತ್ರೆ ಇನ್ನೂ ಹತ್ತಿರ. ಕೂಡಲೇ ಬಸ್ಸು, ಕೈಗೆಟಕುವ ಚಾರ್ಜು, ಮಾತನಾಡಲು ಕನ್ನಡ, ಇಳಿದುಕೊಳ್ಳಲು ನೆಂಟರ ಮನೆ. ತಮಿಳುನಾಡಿನ ರೇಷನ್ ಕಾರ್ಡ್ ಹಿಡಿದವರಿಗೂ ನಿಜವಾದ ದೊಡ್ಡಾಸ್ಪತ್ರೆ ಬೆಂಗಳೂರಿನದ್ದೇ.

ಸರ್ಕಾರದ ಕಾಗದದಲ್ಲಿ ಹಾಗಿಲ್ಲ. ಕೃಷ್ಣಗಿರಿ ಜಿಲ್ಲೆಯ ರೋಗಿ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಧರ್ಮಪುರಿ ಅಥವಾ ಸೇಲಂನ ಮೆಡಿಕಲ್ ಕಾಲೇಜಿಗೆ, ಅಲ್ಲಿಂದ ಚೆನ್ನೈಗೆ. ಇದು ಕಾಗದದ ದಾರಿ. ಜನ ಹೋಗುವ ದಾರಿ ಜೂಜುವಾಡಿ ದಾಟಿ ಅತ್ತಿಬೆಲೆ. ಮಾಮೂಲಿ ದಿನಗಳಲ್ಲಿ ಈ ಎರಡು ದಾರಿಗಳ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. 2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಆರಂಭವಾದಾಗ ಅದು ಕಣ್ಣಿಗೆ ರಾಚಿತು.

ಹಸಿರು ಜಿಲ್ಲೆಯ ಕಷ್ಟ

ಕೇಂದ್ರ ಆರೋಗ್ಯ ಸಚಿವಾಲಯ 2020ರ ಮೇ 1ರಂದು ದೇಶದ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿ ಪಟ್ಟಿ ಬಿಡುಗಡೆ ಮಾಡಿತ್ತು. ಇಡೀ ತಮಿಳುನಾಡಿನಲ್ಲಿ ಹಸಿರು ಬಣ್ಣ ಪಡೆದ ಜಿಲ್ಲೆ ಒಂದೇ ಒಂದು, ಅದು ಕೃಷ್ಣಗಿರಿ. ಅದೇ ಪಟ್ಟಿಯಲ್ಲಿ ಬೆಂಗಳೂರು ನಗರ ಜಿಲ್ಲೆ ಕೆಂಪು. ಮೇ ಮೊದಲ ವಾರದಲ್ಲೇ ನಮ್ಮ ಹಸಿರು ಬಣ್ಣ ಹೋಯಿತು ಅನ್ನೋದು ಬೇರೆ ಮಾತು. ಆದರೆ ಒಂದು ತಿಂಗಳಿಗೂ ಹೆಚ್ಚು ಕಾಲ ಜಿಲ್ಲೆಯಲ್ಲಿ ಕೊರೊನಾ ಇಲ್ಲದಿದ್ದರೂ ಇಲ್ಲಿನ ಕಾಯಿಲೆಯ ಮಕ್ಕಳಿಗೆ ಅದರಿಂದ ಲಾಭವೇನೂ ಆಗಲಿಲ್ಲ. ಹಸಿರು ಜಿಲ್ಲೆಯಿಂದ ಕೆಂಪು ಜಿಲ್ಲೆಗೆ ಹೋಗುವುದೇ ಕಷ್ಟವಾಯಿತು. ಹೋಗಿ ಬಂದರೆ ಊರಿನವರ ಕಣ್ಣು ಕೆಂಪು. "ಬೆಂಗಳೂರಿಂದ ಬಂದೋರು" ಅಂತ ದೂರ ನಿಲ್ಲಿಸಿದ ಕಾಲ ಅದು.

ಬಸ್ಸಿನ ವಿಷಯವೂ ಹಾಗೇ. ಎರಡು ರಾಜ್ಯಗಳ ನಡುವಿನ ಬಸ್ಸು ಮತ್ತೆ ಓಡಿದ್ದು 2020ರ ನವೆಂಬರ್‌ನಲ್ಲಿ, ದೀಪಾವಳಿ ಹೊತ್ತಿಗೆ. ಎರಡನೇ ಅಲೆಯಲ್ಲಿ ನಿಂತದ್ದು ಮತ್ತೆ ಆರಂಭವಾದದ್ದು 2021ರ ಆಗಸ್ಟ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ಜನ ಜೂಜುವಾಡಿಯಲ್ಲಿ ಇಳಿದು, ಗಡಿಯನ್ನು ನಡೆದೇ ದಾಟಿ, ಅತ್ತಿಬೆಲೆಯಲ್ಲಿ ಬೇರೆ ಬಸ್ಸು ಹತ್ತುತ್ತಿದ್ದರು. ಕೆಲಸಕ್ಕೆ ಹೋಗುವ ಗಟ್ಟಿ ಆಳಿಗೆ ಇದು ತೊಂದರೆ ಅಷ್ಟೇ. ಸೊಂಟದ ಮೇಲೆ ಜ್ವರದ ಮಗು ಇರುವ ತಾಯಿಗೆ ಇದು "ಇನ್ನೆರಡು ದಿನ ನೋಡೋಣ" ಎನ್ನಲು ಕಾರಣ. ಬಾಡಿಗೆ ಕಾರು ಮಾಡುವ ಶಕ್ತಿ ಇದ್ದವರು ಹೋದರು. ಕೂಲಿಯೂ ನಿಂತು ಹೋಗಿದ್ದ ಮನೆಯವರು ಕಾದರು.

ಪಾಸ್‌ಗೆ ಕಾಗದ ಬೇಕು, ಕಾಗದಕ್ಕೆ ಪಾಸ್ ಬೇಕು

ವೈದ್ಯಕೀಯ ತುರ್ತು ಇದ್ದವರಿಗೆ ಇ-ಪಾಸ್ ಕೊಡುವ ವ್ಯವಸ್ಥೆ ಇತ್ತು, ಇಲ್ಲ ಅನ್ನುವಂತಿಲ್ಲ. ತಮಿಳುನಾಡಿಗೆ ಅದರದೇ ಇ-ಪಾಸ್, ಕರ್ನಾಟಕಕ್ಕೆ ಸೇವಾಸಿಂಧು. ಆದರೆ ಈ ವ್ಯವಸ್ಥೆ ಯಾರಿಗೆ ಅನುಕೂಲವಾಯಿತು ಎಂದು ಸ್ವಲ್ಪ ಯೋಚಿಸಬೇಕು. ಕಾಯಿಲೆ ಈಗಾಗಲೇ ಪತ್ತೆಯಾಗಿ, ಆಸ್ಪತ್ರೆಯ ಫೈಲ್ ಕೈಯಲ್ಲಿ ಇದ್ದವರಿಗೆ. ಡಯಾಲಿಸಿಸ್, ಕೀಮೋ, ಆಪರೇಷನ್ ತಾರೀಕು ಹೀಗೆ ತೋರಿಸಲು ಏನಾದರೂ ಇದ್ದವರಿಗೆ.

ಕಾಯಿಲೆ ಏನೆಂದೇ ಗೊತ್ತಾಗದ ಮಗುವಿನ ತಂದೆ ಏನು ತೋರಿಸಬೇಕು? ಎರಡು ವಾರದಿಂದ ಜ್ವರ, ಮುಖ ಬಿಳಚಿಕೊಂಡಿದೆ, ಕಾಲು ನೋವು ಅಂತ ಅಳುತ್ತದೆ. ಇದು ತುರ್ತು ಹೌದೋ ಅಲ್ಲವೋ ಎಂದು ಹೇಳಬೇಕಾದವರೇ ಗಡಿಯ ಆಚೆ ಇದ್ದಾರೆ. ಪಾಸ್ ಬೇಕೆಂದರೆ ಕಾಯಿಲೆಯ ಕಾಗದ ಬೇಕು, ಕಾಗದ ಬೇಕೆಂದರೆ ಪಾಸ್ ಬೇಕು. ಚಿಕಿತ್ಸೆಗೆ ದಾರಿ ಬಿಟ್ಟು, ರೋಗಪತ್ತೆಗೆ ದಾರಿ ಬಿಡದ ವ್ಯವಸ್ಥೆ ಇದು. ತಡವಾದ ಪತ್ತೆಯ ಮೂಲ ಇಲ್ಲಿದೆ. ಯಾರೋ ಒಬ್ಬ ಪೊಲೀಸ್ ಅಥವಾ ಗುಮಾಸ್ತನ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ. ನಿಯಮ ಬರೆದವರ ಮನಸ್ಸಿನಲ್ಲಿ "ರೋಗಿ" ಎಂದರೆ ರೋಗದ ಹೆಸರು ಗೊತ್ತಿರುವವನು ಎಂದಷ್ಟೇ ಇತ್ತು.

ಕಾಸರಗೋಡಿನ ಕನ್ನಡಿಗರು ಇದಕ್ಕಿಂತ ಕಠಿಣವಾದದ್ದನ್ನು ಕಂಡರು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ತಲಪಾಡಿ ಗಡಿ ಮುಚ್ಚಿದಾಗ, ದಶಕಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಜನ ನಡುದಾರಿಯಲ್ಲಿ ನಿಂತರು. ಆಂಬುಲೆನ್ಸ್‌ಗಳು ವಾಪಸಾದವು, ರೋಗಿಗಳು ತೀರಿಕೊಂಡ ಸುದ್ದಿಗಳು ಬಂದವು. ಪ್ರಕರಣ ಕೇರಳ ಹೈಕೋರ್ಟ್‌ಗೆ, ಅಲ್ಲಿಂದ ಸುಪ್ರೀಂ ಕೋರ್ಟ್‌ಗೆ ಹೋಯಿತು. ತುರ್ತು ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಒಪ್ಪಂದವಾಗಿದೆ ಎಂದು ಏಪ್ರಿಲ್ 7ರಂದು ಸುಪ್ರೀಂ ಕೋರ್ಟ್‌ಗೆ ತಿಳಿಸಲಾಯಿತು. ನಮ್ಮ ಕಡೆ ಅಷ್ಟು ಗಲಾಟೆ ಆಗಲಿಲ್ಲ. ಆದರೆ ಗಲಾಟೆ ಆಗದ ಕಡೆ ತೊಂದರೆಯೇ ಇರಲಿಲ್ಲ ಎಂದು ತಿಳಿಯಬಾರದು. ಆಂಬುಲೆನ್ಸ್ ನಿಂತರೆ ಫೋಟೋ ಬರುತ್ತದೆ. ಮನೆಯಿಂದ ಹೊರಡದೇ ಉಳಿದ ಮಗುವಿನ ಫೋಟೋ ಎಲ್ಲೂ ಬರುವುದಿಲ್ಲ.

ಅಂಕಿ ಅಂಶ ಹೇಳುವುದೇನು?

ಇದು ಬರೀ ಊಹೆಯಲ್ಲ. ಟಾಟಾ ಮೆಮೋರಿಯಲ್ ಮೊದಲಾದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ದೇಶದ 41 ಕೇಂದ್ರಗಳ ಲೆಕ್ಕ ತೆಗೆಯಿತು. 2019ರ ಮಾರ್ಚ್‌ನಿಂದ ಮೇವರೆಗೆ ಹೊಸದಾಗಿ ಹೆಸರು ನೋಂದಾಯಿಸಿದವರ ಸಂಖ್ಯೆಗೆ ಹೋಲಿಸಿದರೆ 2020ರ ಅದೇ ತಿಂಗಳುಗಳಲ್ಲಿ ಶೇ. 54ರಷ್ಟು ಕಡಿಮೆ. ಇದು ಎಲ್ಲ ವಯಸ್ಸಿನವರದ್ದು. ಕ್ಯಾನ್ಸರ್ ಏನೂ ರಜೆ ಹಾಕಿರಲಿಲ್ಲ. ಬಂದಿದ್ದರೂ ಆಸ್ಪತ್ರೆವರೆಗೆ ಬಾರದವರು ಅವರು.

ಮಕ್ಕಳ ಕ್ಯಾನ್ಸರ್ ಬಗ್ಗೆ 79 ದೇಶಗಳ 213 ಆಸ್ಪತ್ರೆಗಳಲ್ಲಿ ನಡೆದ ಸಮೀಕ್ಷೆ 2021ರಲ್ಲಿ ಪ್ರಕಟವಾಯಿತು. ಹೊಸದಾಗಿ ಪತ್ತೆಯಾಗುವ ಮಕ್ಕಳ ಸಂಖ್ಯೆ ಕಡಿಮೆಯಾಗಿದೆ ಎಂದವರು ಶೇ. 43. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರು ಹೆಚ್ಚಿದ್ದಾರೆ ಎಂದವರು ಶೇ. 34.

ಇಟಲಿಯಲ್ಲಿ 2020ರ ಮಾರ್ಚ್‌ನಲ್ಲಿ ಕೆಲವು ಮಕ್ಕಳ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬರುವ ಮಕ್ಕಳ ಸಂಖ್ಯೆ ಶೇ. 73ರಿಂದ 88ರವರೆಗೆ ಕುಸಿಯಿತು. ಹೆದರಿಕೆಯಿಂದ ತಡವಾಗಿ ಬಂದ 12 ಮಕ್ಕಳ ವಿವರವನ್ನು ಅಲ್ಲಿನ ವೈದ್ಯರು ಬರೆದರು. ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಐಸಿಯುಗೆ ಸೇರಿಸಬೇಕಾಯಿತು. ನಾಲ್ವರು ಉಳಿಯಲಿಲ್ಲ. ಜರ್ಮನಿಯಲ್ಲಿ ಮಕ್ಕಳ ಸಕ್ಕರೆ ಕಾಯಿಲೆಯ ಲೆಕ್ಕ ಇನ್ನೂ ಸ್ಪಷ್ಟ. ಸಕ್ಕರೆ ಮಿತಿ ಮೀರಿ, ರಕ್ತ ಆಮ್ಲವಾಗಿ, ಜೀವಕ್ಕೆ ಅಪಾಯದ ಸ್ಥಿತಿಯಲ್ಲಿ ಬಂದ ಹೊಸ ಮಕ್ಕಳು 2019ರಲ್ಲಿ ಶೇ. 24.5. 2020ರ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ಶೇ. 44.7. ಆಸ್ಪತ್ರೆ, ವಿಮೆ, ರಸ್ತೆ ಎಲ್ಲ ಸರಿಯಾಗಿದ್ದ ದೇಶದಲ್ಲೇ ಹೀಗಾದರೆ, ಅಂಚೆಟ್ಟಿ ಕಾಡಿನ ಅಂಚಿನ ಊರುಗಳ ಪಾಡು ಏನಿರಬಹುದು ಎಂದು ಓದುಗರೇ ಅಂದಾಜು ಮಾಡಲಿ.

ಕ್ಷಯ ರೋಗದ ಲೆಕ್ಕವೂ ಇದನ್ನೇ ಹೇಳುತ್ತದೆ. 2019ರಲ್ಲಿ ದೇಶದಲ್ಲಿ 24.04 ಲಕ್ಷ ಕ್ಷಯ ರೋಗಿಗಳು ದಾಖಲಾಗಿದ್ದರು. 2020ರಲ್ಲಿ 18.05 ಲಕ್ಷ. ಉಳಿದ ಆರು ಲಕ್ಷ ಜನ ಎಲ್ಲಿ ಹೋದರು? ಬಹುತೇಕರು ಮನೆಯಲ್ಲೇ ಕೆಮ್ಮುತ್ತಿದ್ದರು. ಮನೆ ಎಂದರೆ ಒಂದೇ ಕೋಣೆ, ಅದರಲ್ಲಿ ಮಕ್ಕಳೂ ಇರುತ್ತಾರೆ. ಚಿಕ್ಕ ಮಕ್ಕಳಿಗೆ ಕಫ ಉಗುಳಲು ಬರುವುದಿಲ್ಲ. ಹಾಗಾಗಿ ಮಕ್ಕಳ ಕ್ಷಯ ಪತ್ತೆ ಮಾಡುವುದು ಮೊದಲೇ ಕಷ್ಟ. ಮನೆಯ ದೊಡ್ಡವರಿಗೆ ಇದೆ ಎಂದು ಗೊತ್ತಾದರೆ ತಾನೇ ಮಕ್ಕಳನ್ನು ಪರೀಕ್ಷೆ ಮಾಡುವುದು?

ಒಂದು ಮಾತು ಒಪ್ಪಬೇಕು. ಆಗ ಆಸ್ಪತ್ರೆಗೆ ಬರುವ ಮಕ್ಕಳು ಕಡಿಮೆಯಾದದ್ದೆಲ್ಲ ನಷ್ಟವಲ್ಲ. ಶಾಲೆ ಇಲ್ಲ, ಮಾಸ್ಕ್ ಇದೆ, ಹಾಗಾಗಿ ಸಾಮಾನ್ಯ ಶೀತ, ಕೆಮ್ಮು, ವಾಂತಿ ಭೇದಿ ನಿಜವಾಗಿಯೂ ಇಳಿದವು. ಆದರೆ ರಕ್ತದ ಕ್ಯಾನ್ಸರ್, ಮೆದುಳಿನ ಗಡ್ಡೆ, ಹೃದಯದ ರಂಧ್ರ ಇವೆಲ್ಲ ಮಾಸ್ಕ್ ಹಾಕಿಕೊಂಡರೆ ನಿಲ್ಲುವ ಕಾಯಿಲೆಗಳಲ್ಲ.

68 ದಿನ ಎಂದರೆ ಎಷ್ಟು?

ಮಾರ್ಚ್ 25ರಿಂದ ಮೇ 31ರವರೆಗೆ ನಾಲ್ಕು ಹಂತದ ಲಾಕ್‌ಡೌನ್ ಒಟ್ಟು 68 ದಿನ. ದೊಡ್ಡವರ ಲೆಕ್ಕದಲ್ಲಿ ಎರಡು ತಿಂಗಳು ಹೇಗೋ ಕಳೆದುಹೋಯಿತು. ಮಗುವಿನ ಲೆಕ್ಕ ಬೇರೆ.

ಕೆಲವು ಶಿಶುಗಳಿಗೆ ಪಿತ್ತನಾಳ ಮುಚ್ಚಿಕೊಂಡಿರುತ್ತದೆ. ಕಾಮಾಲೆ ಹೋಗುವುದಿಲ್ಲ, ಮಲ ಬಿಳಿ ಸುಣ್ಣದಂತೆ ಬರುತ್ತದೆ. ಇದಕ್ಕೆ ಆಪರೇಷನ್ ಇದೆ, ಆದರೆ ಹುಟ್ಟಿದ 60 ದಿನದ ಒಳಗೆ ಆದರೆ ಚೆನ್ನಾಗಿ ಫಲ ಕೊಡುತ್ತದೆ. ತಡವಾದಷ್ಟೂ ಲಿವರ್ ಕೆಡುತ್ತದೆ. ಮಾರ್ಚ್ ಕೊನೆಯಲ್ಲಿ ಹುಟ್ಟಿದ ಇಂಥ ಮಗುವಿಗೆ ಲಾಕ್‌ಡೌನ್ ಮುಗಿಯುವ ಮೊದಲೇ ಆ ಅವಧಿ ಮುಗಿದಿತ್ತು. "ಕಾಮಾಲೆ ತಾನೇ, ಬೆಳಗ್ಗೆ ಬಿಸಿಲಿಗೆ ಹಿಡಿ, ನಾಟಿ ಔಷಧಿ ಹಾಕಿಸು" ಎನ್ನುವ ಅಜ್ಜಿಯ ಮಾತು ಬೇರೆ ಕಾಲದಲ್ಲಿ ನರ್ಸಮ್ಮನ ಎದುರು ನಿಲ್ಲುತ್ತಿರಲಿಲ್ಲ. ಆಗ ನರ್ಸಮ್ಮನೇ ಕೊರೊನಾ ಡ್ಯೂಟಿಯಲ್ಲಿದ್ದರು.

ಮಕ್ಕಳ ಸಕ್ಕರೆ ಕಾಯಿಲೆಗೆ ತಿಂಗಳುಗಳ ಅವಕಾಶವೂ ಇಲ್ಲ. ಬಾಯಾರಿಕೆ, ಪದೇಪದೇ ಮೂತ್ರ, ಸೊರಗುವುದು ಆರಂಭವಾದ ಕೆಲವು ವಾರಗಳಲ್ಲೇ, ಪುಟ್ಟ ಮಕ್ಕಳಲ್ಲಿ ಕೆಲವು ದಿನಗಳಲ್ಲೇ, ಪ್ರಜ್ಞೆ ತಪ್ಪುವ ಹಂತಕ್ಕೆ ಬರಬಹುದು. ಆಗ ಮಗು ಜೋರಾಗಿ ಏದುಸಿರು ಬಿಡುತ್ತದೆ. ಕೊರೊನಾ ಕಾಲದಲ್ಲಿ ಏದುಸಿರು ಕಂಡರೆ ಎಲ್ಲರ ತಲೆಗೆ ಬರುವುದು ಕೊರೊನಾ ಒಂದೇ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುವ ವಿಷಯ ಇದು.

ಕಣ್ಣಿನ ಕ್ಯಾನ್ಸರ್ ಬೇಗ ಸಿಕ್ಕರೆ ಜೀವ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ತಡವಾದರೆ ಕಣ್ಣು ತೆಗೆಯಬೇಕು, ಇನ್ನೂ ತಡವಾದರೆ ಜೀವಕ್ಕೇ ಅಪಾಯ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಶೇ. 30ಕ್ಕಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಅಂತರಕ್ಕೆ ಔಷಧಿ ಇಲ್ಲದಿರುವುದು ಒಂದು ಕಾರಣವಾದರೆ, ತಡವಾಗಿ ಗೊತ್ತಾಗುವುದು ಇನ್ನೊಂದು ದೊಡ್ಡ ಕಾರಣ.

ಶಾಲೆಯ ಬಾಗಿಲ ಜತೆ ಇನ್ನೊಂದು ಬಾಗಿಲು

ತಮಿಳುನಾಡಿನಲ್ಲಿ 1ರಿಂದ 8ನೇ ತರಗತಿಯ ಮಕ್ಕಳು ಮತ್ತೆ ಶಾಲೆಗೆ ಬಂದದ್ದು 2021ರ ನವೆಂಬರ್ 1ರಂದು. ಹತ್ತಿರ ಹತ್ತಿರ 19 ತಿಂಗಳು ಶಾಲೆ ಇರಲಿಲ್ಲ. ಪಾಠ ಹೋಯಿತು ಎಂದು ಎಲ್ಲರೂ ಕೊರಗಿದರು. ಪಾಠದ ಜತೆ ಇನ್ನೊಂದೂ ಹೋಯಿತು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯಕೀಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ವರ್ಷಕ್ಕೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಹುಟ್ಟಿನಿಂದ ಬಂದ ಹೃದಯದ ತೊಂದರೆ, ಸೀಳು ತುಟಿ, ಕಿವುಡು, ದೃಷ್ಟಿ ದೋಷ, ಬೆಳವಣಿಗೆ ಕುಂಠಿತ ಹೀಗೆ ಸುಮಾರು 30 ಬಗೆಯ ತೊಂದರೆಗಳನ್ನು ಹುಡುಕಿ, ಉಚಿತ ಚಿಕಿತ್ಸೆಗೆ ಕಳಿಸಬೇಕು. ಮಕ್ಕಳು ಒಂದೇ ಕಡೆ ಸಿಗುತ್ತಾರೆ ಎಂಬುದೇ ಈ ಯೋಜನೆಯ ಬಲ. ಶಾಲೆ, ಅಂಗನವಾಡಿ ಮುಚ್ಚಿದಾಗ ಆ ಬಲವೇ ಹೋಯಿತು.

ಅಂಗನವಾಡಿಯ ತಕ್ಕಡಿಯೂ ಅಷ್ಟೇ. ರೇಷನ್ ಮನೆಗೆ ಬಂತು, ತಕ್ಕಡಿ ಬರಲಿಲ್ಲ. ತಿಂಗಳಿಗೊಮ್ಮೆ ತೂಕ ನೋಡಿದರೆ "ಈ ಮಗು ಮೂರು ತಿಂಗಳಿಂದ ಏರಿಲ್ಲ" ಎಂದು ಗೊತ್ತಾಗುತ್ತದೆ. ಕ್ಷಯ, ಹೃದಯದ ತೊಂದರೆ, ಮೂತ್ರಪಿಂಡದ ಕಾಯಿಲೆ ಎಷ್ಟೋ ಸಲ ಮೊದಲು ಕಾಣುವುದು ತೂಕದ ಕಾರ್ಡಿನಲ್ಲಿ. ಲಸಿಕೆಯ ದಿನವೂ ತಾಯಿ, ಮಗು ಇಬ್ಬರನ್ನೂ ನರ್ಸಮ್ಮ ನೋಡುವ ದಿನ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕದ ಪ್ರಕಾರ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆಯ ಮೊದಲ ಡೋಸ್ ಕೂಡ ಸಿಗದ ಮಕ್ಕಳು ಭಾರತದಲ್ಲಿ 2019ರಲ್ಲಿ 14 ಲಕ್ಷ ಇದ್ದರೆ 2020ರಲ್ಲಿ 30 ಲಕ್ಷ ಆದರು. ತಪ್ಪಿದ್ದು ಸೂಜಿ ಮಾತ್ರವಲ್ಲ, ಆ ಮಗುವನ್ನು ನೋಡುವ ಒಂದು ಅವಕಾಶವೂ ಹೌದು.

ಫೋನಿನಲ್ಲಿ ಕಾಣದ್ದು

ಟೆಲಿಮೆಡಿಸಿನ್ ಬಂದು ಉಪಕಾರವಾಯಿತು. ಕೇಂದ್ರ ಸರ್ಕಾರ 2020ರ ಮಾರ್ಚ್ 25ರಂದೇ ಅದಕ್ಕೆ ನಿಯಮ ಹೊರಡಿಸಿತು. ಇ-ಸಂಜೀವಿನಿ ಬಳಸಿದ ರಾಜ್ಯಗಳಲ್ಲಿ ತಮಿಳುನಾಡು ಮುಂಚೂಣಿಯಲ್ಲಿತ್ತು. ಗೊತ್ತಿರುವ ಕಾಯಿಲೆಗೆ ಮಾತ್ರೆ ಮುಂದುವರಿಸಲು ಇದು ಸರಿ. ಆದರೆ ಹೊಟ್ಟೆ ಮುಟ್ಟಿ ನೋಡದೆ ಗುಲ್ಮ ಊದಿಕೊಂಡದ್ದು ತಿಳಿಯುವುದಿಲ್ಲ. ಸ್ಟೆತಸ್ಕೋಪ್ ಇಲ್ಲದೆ ಹೃದಯದ ಮರ್ಮರ ಶಬ್ದ ಕೇಳುವುದಿಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ಎಲ್ಲ ಮಕ್ಕಳೂ ಬೆಳ್ಳಗೇ ಕಾಣುತ್ತಾರೆ, ರಕ್ತ ಕಡಿಮೆಯಾಗಿ ಬಿಳಚಿಕೊಂಡ ಮಗುವನ್ನು ಬೇರೆ ಮಾಡುವುದು ಹೇಗೆ?

ಮೆಡಿಕಲ್ ಶಾಪಿನಿಂದ ನೇರವಾಗಿ ತಂದ ಮಾತ್ರೆಗಳ ಕಥೆ ಇನ್ನೊಂದು. ಜ್ವರ, ಕೀಲು ನೋವು ಎಂದು ಸ್ಟೀರಾಯ್ಡ್ ಕೊಟ್ಟರೆ ಮಗು ಎರಡು ದಿನದಲ್ಲಿ ಚೇತರಿಸಿಕೊಂಡಂತೆ ಕಾಣುತ್ತದೆ. ಕಾಯಿಲೆ ರಕ್ತದ ಕ್ಯಾನ್ಸರ್ ಆಗಿದ್ದರೆ ಆ ಮಾತ್ರೆ ಅದನ್ನು ಕೆಲವು ಕಾಲ ಮರೆಮಾಡುತ್ತದೆ ಅಷ್ಟೇ. ಪತ್ತೆ ಇನ್ನಷ್ಟು ತಡವಾಗುತ್ತದೆ, ಮುಂದಿನ ಚಿಕಿತ್ಸೆಯೂ ಕಷ್ಟವಾಗುತ್ತದೆ. ಡಾಕ್ಟರು ನೋಡದೆ ಮಕ್ಕಳಿಗೆ ಸ್ಟೀರಾಯ್ಡ್ ಕೊಡಲೇಬಾರದು.

ಈಗ ಏನು ಬದಲಾಗಿದೆ?

ಏನೂ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. 2022ರ ಜನವರಿ 12ರಂದು ತಮಿಳುನಾಡಿನಲ್ಲಿ ಒಂದೇ ದಿನ 11 ಸರ್ಕಾರಿ ಮೆಡಿಕಲ್ ಕಾಲೇಜುಗಳು ಉದ್ಘಾಟನೆಯಾದವು, ಅದರಲ್ಲಿ ಕೃಷ್ಣಗಿರಿಯದ್ದೂ ಒಂದು. ಜಿಲ್ಲೆಯ ಒಳಗೇ ತಜ್ಞ ವೈದ್ಯರು ಸಿಗುವಂತಾದದ್ದು ದೊಡ್ಡ ವಿಷಯ. ಕ್ಷಯ ರೋಗಿಗಳ ದಾಖಲಾತಿ 2022ರ ಹೊತ್ತಿಗೆ ದೇಶದಲ್ಲಿ ಮತ್ತೆ 24 ಲಕ್ಷ ದಾಟಿತು.

ಮನೆ ಬಾಗಿಲಿಗೆ ಚಿಕಿತ್ಸೆ ತರುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಗೆ ಮುಖ್ಯಮಂತ್ರಿಯಾಗಿ ಎಂ.ಕೆ. ಸ್ಟಾಲಿನ್ 2021ರ ಆಗಸ್ಟ್ 5ರಂದು ಚಾಲನೆ ಕೊಟ್ಟದ್ದು ನಮ್ಮದೇ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಹೆಸರು ಕೇಳಿ ಕನ್ನಡದ ತಾಯಂದಿರು ಮಕ್ಕಳ ಯೋಜನೆ ಎಂದುಕೊಂಡರೆ ಆಶ್ಚರ್ಯವಿಲ್ಲ. ತಮಿಳಿನಲ್ಲಿ 'ಮಕ್ಕಳ್' ಎಂದರೆ ಜನರು. ಬಿಪಿ, ಶುಗರ್ ಇರುವ ದೊಡ್ಡವರ ಮಾತ್ರೆ, ಫಿಸಿಯೋಥೆರಪಿ ಇವೇ ಅದರ ಮುಖ್ಯ ಕೆಲಸ. ಮನೆಗೆ ಬರುವ ಆ ಕಾರ್ಯಕರ್ತೆ ಅಜ್ಜನ ಬಿಪಿ ನೋಡುವಾಗ ಮೂಲೆಯಲ್ಲಿ ಮಲಗಿದ ಮಗುವನ್ನೂ ಒಮ್ಮೆ ನೋಡುವಂತಾದರೆ ಹೆಸರು ಎರಡೂ ಭಾಷೆಯಲ್ಲಿ ಸಾರ್ಥಕವಾಗುತ್ತದೆ.

ಬದಲಾಗದ್ದು ಗಡಿಯ ಕಾಗದ. ವಿಮೆಯೂ ರಾಜ್ಯ ನೋಡಿಯೇ ಕೆಲಸ ಮಾಡುತ್ತದೆ. ನಮ್ಮ ಕೈಯಲ್ಲಿರುವುದು ತಮಿಳುನಾಡು ಮುಖ್ಯಮಂತ್ರಿ ಸಮಗ್ರ ಆರೋಗ್ಯ ವಿಮೆಯ ಕಾರ್ಡ್. ಬೆಂಗಳೂರಿನಲ್ಲಿ ಕೇಳುವುದು ಕರ್ನಾಟಕದ ರೇಷನ್ ಕಾರ್ಡ್ ಆಧಾರದ ಆರೋಗ್ಯ ಕರ್ನಾಟಕ. ಯಾವ ಆಸ್ಪತ್ರೆಯಲ್ಲಿ ಯಾವ ಕಾರ್ಡ್ ನಡೆಯುತ್ತದೆ ಎಂಬುದನ್ನು ಮಗು ಹುಷಾರಿಲ್ಲದಾಗ ವಿಚಾರಿಸುವುದಕ್ಕಿಂತ ಇವತ್ತೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.

ಆಗಬೇಕಾದ್ದು ಏನು?

ಮುಂದಿನ ಸಾಂಕ್ರಾಮಿಕ ಯಾವಾಗ ಬರುತ್ತದೋ ಯಾರೂ ಹೇಳಲಾರರು. ಬಂದಾಗ ಗಡಿ ಮತ್ತೆ ಮುಚ್ಚಬಹುದು. ಅದಕ್ಕೆ ಮೊದಲೇ ಕೆಲವು ಕೆಲಸಗಳು ಆಗಬೇಕು, ಇವಕ್ಕೆ ಕೋಟಿಗಟ್ಟಲೆ ಹಣವೇನೂ ಬೇಡ.

ಮೊದಲನೆಯದು, ಕೃಷ್ಣಗಿರಿ ಮತ್ತು ಬೆಂಗಳೂರು ನಗರ ಜಿಲ್ಲಾಡಳಿತಗಳು ಕೂತು ರೋಗಿಗಳ ಸಂಚಾರಕ್ಕೆ ಶಾಶ್ವತ ಕ್ರಮವೊಂದನ್ನು ಬರೆದಿಡಬೇಕು. ತಲಪಾಡಿಯಲ್ಲಿ ಕೋರ್ಟು ಹೇಳಿದ ಮೇಲೆ ಆದದ್ದು ಇಲ್ಲಿ ಮೊದಲೇ ಆಗಲಿ. ಅದರಲ್ಲಿ ಒಂದು ಸಾಲು ಮುಖ್ಯ: ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು "ಈ ಮಗುವನ್ನು ದೊಡ್ಡಾಸ್ಪತ್ರೆಯಲ್ಲಿ ನೋಡಬೇಕು" ಎಂದು ಬರೆದ ಒಂದು ಚೀಟಿಯೇ ಪಾಸ್ ಆಗಬೇಕು. ರೋಗದ ಹೆಸರು ಕೇಳಬಾರದು.

ಎರಡನೆಯದು, ಶಾಲೆ ಮುಚ್ಚಿದರೂ ಮಕ್ಕಳ ತಪಾಸಣಾ ತಂಡವನ್ನು ಪೂರ್ತಿಯಾಗಿ ಬೇರೆ ಕೆಲಸಕ್ಕೆ ಹಾಕಬಾರದು. ಶಾಲೆಗೆ ಬದಲು ಊರಿನ ಅರಳಿಕಟ್ಟೆ ಹತ್ತಿರ ಹತ್ತು ಹತ್ತು ಮಕ್ಕಳನ್ನು ಕರೆಸಿ ನೋಡಬಹುದು. ತಳಿ, ಅಂಚೆಟ್ಟಿ ಕಡೆಯ ಕಾಡಂಚಿನ ಊರುಗಳಿಂದ ಇದು ಆರಂಭವಾಗಬೇಕು.

ಮೂರನೆಯದು ಭಾಷೆ. ಈ ಭಾಗದಲ್ಲಿ ಮನೆಮಾತು ಕನ್ನಡ, ತೆಲುಗು ಇರುವ ಸಾವಿರಾರು ಕುಟುಂಬಗಳಿವೆ. ತಾಯಿ ಕಾರ್ಡಿನಲ್ಲಿ, ಆಸ್ಪತ್ರೆಯ ಗೋಡೆಯಲ್ಲಿ ಇರುವ ಎಚ್ಚರಿಕೆ ತಮಿಳಿನ ಜತೆ ಕನ್ನಡದಲ್ಲೂ ಇದ್ದರೆ, ಓದಿ ಹೇಳುವವರಿಗಾಗಿ ಕಾಯಬೇಕಿಲ್ಲ. ಇದು ಭಾಷಾ ಜಗಳದ ವಿಷಯ ಅಲ್ಲ, ಮಗುವಿನ ಜೀವದ ವಿಷಯ.

ಮನೆಯವರು ಗಮನಿಸಬೇಕಾದ ಲಕ್ಷಣಗಳು

ಇವುಗಳಲ್ಲಿ ಯಾವುದಾದರೂ ಕಂಡರೆ ದೊಡ್ಡ ಕಾಯಿಲೆಯೇ ಇರಬೇಕೆಂದಿಲ್ಲ. ಆದರೆ ಡಾಕ್ಟರಿಗೆ ತೋರಿಸದೆ ಬಿಡಬಾರದು.

• ಎರಡು ವಾರ ದಾಟಿದರೂ ಬಿಡದ ಜ್ವರ, ಮುಖ ಬಿಳಚಿಕೊಳ್ಳುವುದು, ಏಟು ಬೀಳದೆಯೇ ಮೈಮೇಲೆ ನೀಲಿ ಕಲೆ, ಒಸಡಿನಲ್ಲಿ ರಕ್ತ, ರಾತ್ರಿ ಎಬ್ಬಿಸುವ ಮೂಳೆ ನೋವು. ಒಂದು ಸಾಮಾನ್ಯ ರಕ್ತ ಪರೀಕ್ಷೆ ಸಾಕು, ಮೊದಲ ಸುಳಿವು ಸಿಗುತ್ತದೆ.

• ಹೆಚ್ಚು ನೀರು ಕುಡಿಯುವುದು, ಪದೇಪದೇ ಮೂತ್ರ, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಆರಂಭ, ಊಟ ಮಾಡಿದರೂ ಸೊರಗುವುದು. ಅದೇ ದಿನ ಸಕ್ಕರೆ ಪರೀಕ್ಷೆ ಮಾಡಿಸಿ.

• ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು, ಫೋಟೋದಲ್ಲಿ ಒಂದು ಕಣ್ಣು ಮಾತ್ರ ಬೆಳ್ಳಗೆ ಕಾಣುವುದು, ಹೊಸದಾಗಿ ಬಂದ ಮೆಳ್ಳೆಗಣ್ಣು.

• ಬೆಳಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ, ನಡೆಯುವಾಗ ತೂರಾಡುವುದು.

• ಹಾಲು ಕುಡಿಯುವಾಗ ಬೆವರು, ಏದುಸಿರು, ತುಟಿ ಉಗುರು ನೀಲಿ, ತೂಕ ಏರದಿರುವುದು.

• ಹುಟ್ಟಿ ಎರಡು ವಾರವಾದರೂ ಹೋಗದ ಕಾಮಾಲೆ, ಜತೆಗೆ ಬಿಳಿ ಮಲ. ಒಂದು ದಿನವೂ ಕಾಯಬೇಡಿ.

• ಎರಡು ವಾರದ ಕೆಮ್ಮು, ಕುತ್ತಿಗೆಯಲ್ಲಿ ಕರಗದ ಗಂಟು, ಮನೆಯಲ್ಲಿ ಯಾರಿಗಾದರೂ ಕ್ಷಯ.

ಹೊಟ್ಟೆಯಲ್ಲಿ ಗಟ್ಟಿ ಗಡ್ಡೆ ಕೈಗೆ ಸಿಗುವುದು ಸ್ನಾನ ಮಾಡಿಸುವ ತಾಯಿಗೆ, ಅಜ್ಜಿಗೆ. ಡಾಕ್ಟರಿಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ. "ನನ್ನ ಮಗು ಮೊದಲಿನ ಹಾಗಿಲ್ಲ" ಎಂದು ತಾಯಿ ಹೇಳಿದರೆ ಅದನ್ನು ತಳ್ಳಿಹಾಕಬಾರದು. ದೃಷ್ಟಿ ತೆಗೆಸಿ, ತಾಯತ ಕಟ್ಟಿಸಿ, ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಅದೇ ದಿನ ಆಸ್ಪತ್ರೆಗೂ ಹೋಗಿ. ಹೋಗುವುದು ಹೇಗೆಂದು ತಿಳಿಯದಿದ್ದರೆ 104ಕ್ಕೆ ಫೋನ್ ಮಾಡಿ ಕೇಳಬಹುದು, ತುರ್ತಾದರೆ 108 ಇದೆ. ಒಬ್ಬ ಡಾಕ್ಟರು ನೋಡಿ ವಾರದಲ್ಲಿ ವಾಸಿಯಾಗದಿದ್ದರೆ ಅದೇ ಮಾತ್ರೆ ಮತ್ತೆ ತರಬೇಡಿ, ರಕ್ತ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ. ಹಳೆಯ ಚೀಟಿ, ರಿಪೋರ್ಟು ಎಲ್ಲ ಒಂದೇ ಕವರಿನಲ್ಲಿ ಇಟ್ಟುಕೊಳ್ಳಿ. ಗಡಿಯ ಆಚೆ ಹೋದಾಗ ಆ ಕವರು ಬಹಳ ಸಮಯ ಉಳಿಸುತ್ತದೆ.

ಬಸ್ಸು ಈಗ ಓಡುತ್ತಿದೆ, ಅತ್ತಿಬೆಲೆ ದಾಟಲು ಯಾರೂ ಪಾಸ್ ಕೇಳುವುದಿಲ್ಲ. ಎರಡೂ ರಾಜ್ಯದ ಅಧಿಕಾರಿಗಳು ಒಂದು ಮೇಜಿನ ಸುತ್ತ ಕೂರಲು ಇದಕ್ಕಿಂತ ಒಳ್ಳೆಯ ಸಮಯ ಬೇರೆ ಇಲ್ಲ. ಮುಂದಿನ ಸಲ ಗಡಿ ಮುಚ್ಚಿದ ಮೇಲೆ ಕೂತರೆ, ಆಗಲೂ ಕಾಯುವುದು ಮಕ್ಕಳೇ.